ಮೆದುಳಿನ ಕಸರತ್ತು ಅಂತ ಮಾರುವ ಗೇಮ್‌ಗಳು: ಯಾವುದನ್ನು ಆಡಬಹುದು, ಯಾವುದನ್ನು ಬಿಡಬಹುದು

ದಿನಕ್ಕೆ ಸ್ವಲ್ಪ ಹೊತ್ತು ಆಡಿ, ನೆನಪಿನ ಶಕ್ತಿ ಚುರುಕಾಗುತ್ತದೆ ಅಂತ ಹೇಳಿಕೊಳ್ಳುವ ಗೇಮ್‌ಗಳಿಗೆ ಈಗ ಲೆಕ್ಕವೇ ಇಲ್ಲ. ಆಪ್ ಸ್ಟೋರ್‌ನಲ್ಲಿ 'ಬ್ರೈನ್' ಅಂತ ಹುಡುಕಿದರೆ ಸಾಕು, ಬೆರಳು ನೋಯುವವರೆಗೂ ಪಟ್ಟಿ ಮುಗಿಯುವುದಿಲ್ಲ. ಅವುಗಳಲ್ಲಿ ಹೆಸರು ಮಾಡಿದ ಕೆಲವನ್ನು ಕೂತು ಆಡಿದ್ದೇನೆ. ಕೆಲವು ಇಷ್ಟವಾದವು, ಕೆಲವನ್ನು ಅರ್ಧಕ್ಕೇ ಡಿಲೀಟ್ ಮಾಡಿದೆ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡಿದ್ದೇನೆ. ಒಂದು, ಇದು ಗೇಮ್ ಆಗಿ ಹೇಗಿದೆ? ಇನ್ನೊಂದು, ಹೇಳಿಕೊಳ್ಳುವ ಕೆಲಸವನ್ನು ಇದು ನಿಜಕ್ಕೂ ಮಾಡುತ್ತದಾ? ತಮಾಷೆ ಏನಂದರೆ ಎರಡರಲ್ಲೂ ಪಾಸಾಗುವ ಗೇಮ್ ನನಗೆ ಸಿಗಲಿಲ್ಲ. ಆಡಲು ಚೆನ್ನಾಗಿರುವುದಕ್ಕೆ ಪುರಾವೆ ಕಮ್ಮಿ. ಪುರಾವೆ ಇರುವುದನ್ನು ಆಡುತ್ತಾ ಕೂತರೆ ಆಕಳಿಕೆ ಬರುತ್ತದೆ.

ಮೊದಲು ಹಳೇ ಹುಲಿ, ಬ್ರೈನ್ ಏಜ್. 2005ರಲ್ಲಿ ನಿಂಟೆಂಡೊ ಡಿಎಸ್‌ಗೆ, ಅಂದರೆ ಕೈಯಲ್ಲಿ ಹಿಡಿದು ಆಡುವ ಎರಡು ಪರದೆಯ ಯಂತ್ರಕ್ಕೆ, ಬಂದ ಗೇಮ್ ಇದು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಮೆದುಳು ಸಂಶೋಧಕ ರ್ಯೂಟಾ ಕವಾಶಿಮಾ ಅವರ ಕೆಲಸವನ್ನು ಆಧಾರವಾಗಿ ಇಟ್ಟುಕೊಂಡು ಮಾಡಿದ್ದು. ಅವರ ತಲೆಯೇ ಪರದೆಯ ಮೇಲೆ ತೇಲುತ್ತಾ ನಮ್ಮನ್ನು ಮಾತಾಡಿಸುತ್ತದೆ, ಒಮ್ಮೊಮ್ಮೆ ಕಾಲೂ ಎಳೆಯುತ್ತದೆ. ಡಿಎಸ್ ಅನ್ನು ಪುಸ್ತಕದ ಹಾಗೆ ಅಡ್ಡಕ್ಕೆ ತಿರುಗಿಸಿ ಹಿಡಿದು, ಕಡ್ಡಿಯಿಂದ ಪರದೆಯ ಮೇಲೆ ಉತ್ತರ ಬರೆಯಬೇಕು. 20 ಸಣ್ಣ ಲೆಕ್ಕಗಳನ್ನು ಬೇಗ ಬೇಗ ಮಾಡುವುದು, ಗದ್ಯವನ್ನು ಗಟ್ಟಿಯಾಗಿ ಓದುವುದು, ಪದಗಳ ಪಟ್ಟಿ ನೋಡಿ ನೆನಪಿಟ್ಟುಕೊಳ್ಳುವುದು, ಹೀಗೆ. ಕೊನೆಗೆ ನಿಮ್ಮ 'ಮೆದುಳಿನ ವಯಸ್ಸು' ಇಷ್ಟು ಅಂತ ಹೇಳುತ್ತದೆ. 20 ಬಂದರೆ ಅತ್ಯುತ್ತಮ, 80 ಬಂದರೆ ಮುಖ ಸಪ್ಪಗೆ. ಈ ಒಂದು ಸಂಖ್ಯೆಯೇ ಆಟದ ನಿಜವಾದ ಬಂಡವಾಳ. ಜಗತ್ತಿನಲ್ಲಿ ಸುಮಾರು 1 ಕೋಟಿ 90 ಲಕ್ಷ ಪ್ರತಿಗಳು ಮಾರಾಟವಾದವು ಅಂದರೆ ಅದು ಎಷ್ಟು ಜನರನ್ನು ಕೆಣಕಿರಬೇಕು ನೋಡಿ.

ಇದರೊಳಗೆ ನನಗೆ ತುಂಬಾ ಹಿಡಿಸಿದ್ದು ಒಂದು ಮನೆಯ ಆಟ. ಮನೆಯೊಳಗೆ ಕೆಲವರು ಇರುತ್ತಾರೆ, ಮೇಲೆ ಮುಚ್ಚಳ ಬಿದ್ದ ಹಾಗೆ ಮನೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಒಬ್ಬರು ಒಳಗೆ ಹೋಗುತ್ತಾರೆ, ಇಬ್ಬರು ಹೊರಗೆ ಬರುತ್ತಾರೆ, ಆಮೇಲೆ ಎರಡೂ ಕಡೆಯಿಂದ ಒಟ್ಟಿಗೇ ಓಡಾಟ ಶುರು. ಕೊನೆಗೆ ಒಳಗೆ ಎಷ್ಟು ಜನ ಉಳಿದರು ಅಂತ ಬರೆಯಬೇಕು. ಕೇಳಲು ಮಕ್ಕಳಾಟ, ಆದರೆ ವೇಗ ಏರಿದಾಗ ಉಸಿರು ಬಿಗಿ ಹಿಡಿದು ನೋಡಬೇಕಾಗುತ್ತದೆ. ಇನ್ನೊಂದು, ಪದಗಳ ಬಣ್ಣ ಹೇಳುವುದು. 'ಕೆಂಪು' ಅನ್ನುವ ಪದವನ್ನು ನೀಲಿ ಬಣ್ಣದಲ್ಲಿ ಬರೆದಿರುತ್ತಾರೆ, ನೀವು ಬಾಯಿ ಬಿಟ್ಟು ನೀಲಿ ಅನ್ನಬೇಕು. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಹಳೆಯ ಪ್ರಯೋಗವೇ ಇದು. ಡಿಎಸ್‌ನ ಮೈಕ್ 'ಬ್ಲೂ' ಅನ್ನುವುದನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ ಅಂತ ಆಗಿನ ಕಾಲದಲ್ಲೇ ಎಷ್ಟೋ ಜನ ಗೊಣಗಿದ್ದರು. ನಿಮ್ಮ ಮೆದುಳಿನ ವಯಸ್ಸು ಏರಿದ್ದು ಮೈಕ್‌ನಿಂದಲೋ ಮೆದುಳಿನಿಂದಲೋ ಅನ್ನುವ ಅನುಮಾನ ಆಗ ಸಹಜ, ಅಲ್ವಾ?

ಗೇಮ್ ಆಗಿ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ದಿನಕ್ಕೊಂದು ಮುದ್ರೆ ಒತ್ತಿ, ಮುದ್ರೆಗಳು ಕೂಡಿದಂತೆ ಹೊಸ ಆಟ ತೆರೆದುಕೊಡುತ್ತದೆ. ಅಷ್ಟು ಸಾಕು ಅನ್ನಿಸುವ ಹೊತ್ತಿಗೆ ತಾನೇ ನಿಲ್ಲಿಸುತ್ತದೆ, ಇನ್ನೂ ಆಡು ಇನ್ನೂ ಆಡು ಅಂತ ಕಾಡುವುದಿಲ್ಲ. ಮಧ್ಯೆ ಮಧ್ಯೆ ಒಂದು ಪ್ರಾಣಿಯನ್ನು ನೆನಪಿನಿಂದಲೇ ಬರೆದು ತೋರಿಸಿ ಅನ್ನುತ್ತದೆ. ಮನೆಯಲ್ಲಿ ಇನ್ನೊಬ್ಬರೂ ಆಡುತ್ತಿದ್ದರೆ ಇಬ್ಬರ ಚಿತ್ರವನ್ನೂ ಪಕ್ಕ ಪಕ್ಕ ಇಟ್ಟು ತೋರಿಸುತ್ತದೆ, ನಕ್ಕು ಸಾಕಾಗುತ್ತದೆ. 2019ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ನಿಂಟೆಂಡೊದ ನಂತರದ ಯಂತ್ರ ಸ್ವಿಚ್‌ಗೆ ಬಂದ ಆವೃತ್ತಿಯಲ್ಲಿ ಬೆರಳು ತೋರಿಸಿ ಉತ್ತರ ಹೇಳುವ ಆಟಗಳೂ ಇವೆ, ಬಲಗೈಯ ಕಂಟ್ರೋಲರ್ ಜಾಯ್‌ಕಾನ್‌ನ ಇನ್‌ಫ್ರಾರೆಡ್ ಕ್ಯಾಮೆರಾ ಅದನ್ನು ನೋಡುತ್ತದೆ. ಸ್ವಿಚ್‌ನ ಚಿಕ್ಕ ಮಾದರಿ ಸ್ವಿಚ್ ಲೈಟ್‌ನಲ್ಲಿ ಆ ಕ್ಯಾಮೆರಾ ಇಲ್ಲ, ತೆಗೆದುಕೊಳ್ಳುವ ಮುಂಚೆ ನೋಡಿಕೊಳ್ಳಿ.

ಆದರೆ ಆ ವಯಸ್ಸಿನ ಸಂಖ್ಯೆಯನ್ನು ನಂಬಬೇಡಿ. ಮೊದಲ ದಿನ 60ರ ಹತ್ತಿರ ಬಂದದ್ದು ಕೆಲವೇ ದಿನಗಳಲ್ಲಿ 30ರ ಹತ್ತಿರ ಇಳಿದರೆ ಮೆದುಳು ಅಷ್ಟು ಎಳೆಯದಾಯಿತು ಅಂತಲ್ಲ. ಕಡ್ಡಿ ಹಿಡಿಯುವುದು, ಅದಕ್ಕೆ ಅರ್ಥವಾಗುವ ಹಾಗೆ 4 ಮತ್ತು 9 ಬರೆಯುವುದು, ಮುಂದಿನ ಲೆಕ್ಕವನ್ನು ಕಣ್ಣಂಚಿನಲ್ಲಿ ಮೊದಲೇ ನೋಡಿಕೊಳ್ಳುವುದು, ಇಷ್ಟು ಕಲಿತರೆ ಅರ್ಧ ವಯಸ್ಸು ಹಾಗೇ ಇಳಿಯುತ್ತದೆ.

ಇನ್ನು ಲುಮೋಸಿಟಿ. 2007ರಲ್ಲಿ ಶುರುವಾಯಿತು, ಈಗ ಫೋನಿನಲ್ಲಿ ಆಡುವವರೇ ಜಾಸ್ತಿ. ನೋಡಲು ಬಹಳ ಅಚ್ಚುಕಟ್ಟು. ಚೌಕಗಳು ಒಂದು ಕ್ಷಣ ಬಣ್ಣ ತೋರಿಸಿ ಮಾಯವಾಗುತ್ತವೆ, ಎಲ್ಲೆಲ್ಲಿತ್ತು ಅಂತ ಒತ್ತಬೇಕು. ಹಕ್ಕಿಗಳ ಹಿಂಡಿನಲ್ಲಿ ನಡುವಿನ ಹಕ್ಕಿ ಮಾತ್ರ ಯಾವ ಕಡೆ ನೋಡುತ್ತಿದೆ ಅಂತ ಹೇಳಬೇಕು, ಇದೂ ಮನಶ್ಶಾಸ್ತ್ರದ ಲ್ಯಾಬಿನಿಂದ ಬಂದ ಹಳೆಯ ಪರೀಕ್ಷೆಯೇ, ಬಾಣಗಳ ಬದಲು ಹಕ್ಕಿ ಹಾಕಿದ್ದಾರೆ. ನನಗೆ ಇಷ್ಟವಾದದ್ದು ರೈಲಿನ ಆಟ. ಬಣ್ಣ ಬಣ್ಣದ ರೈಲುಗಳು ಒಂದರ ಹಿಂದೆ ಒಂದು ಸುರಂಗದಿಂದ ಬರುತ್ತವೆ, ಹಳಿ ತಿರುಗಿಸಿ ತಿರುಗಿಸಿ ಅದರದರ ಬಣ್ಣದ ನಿಲ್ದಾಣಕ್ಕೆ ಸೇರಿಸಬೇಕು. ಮೊದಮೊದಲು ಸುಮ್ನೆ ಬೆರಳಾಡಿಸುವ ಕೆಲಸ. ರೈಲುಗಳು ಜಾಸ್ತಿಯಾದಾಗ ಯಾವುದು ಎಲ್ಲಿದೆ, ಯಾವ ಹಳಿ ಈಗ ಯಾವ ಕಡೆಗಿದೆ, ಮುಂದೆ ಯಾವುದನ್ನು ಮುಟ್ಟಬೇಕು ಅನ್ನುವುದನ್ನೆಲ್ಲ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಬೇಕು, ಒಂದು ರೈಲು ತಪ್ಪಿದರೆ ಅದರ ಚಿಂತೆಯಲ್ಲಿ ಇನ್ನೆರಡು ತಪ್ಪುತ್ತವೆ. ಈ ಒಂದು ಆಟವನ್ನು ಮಾತ್ರ ಬೇರೆಯಾಗಿ ಕೊಟ್ಟಿದ್ದರೆ ಖುಷಿಯಾಗಿ ಇಟ್ಟುಕೊಳ್ಳುತ್ತಿದ್ದೆ.

ಆಟದಲ್ಲಿ ತಕರಾರಿಲ್ಲ, ಜಾಹೀರಾತಿನಲ್ಲಿತ್ತು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2016ರ ಜನವರಿಯಲ್ಲಿ ಈ ಕಂಪನಿಯ ಜೊತೆ ಇತ್ಯರ್ಥ ಮಾಡಿಕೊಂಡಿತು. ಇದನ್ನು ಆಡಿದರೆ ಶಾಲೆಯಲ್ಲಿ, ಕೆಲಸದಲ್ಲಿ ಮುಂದೆ ಬರುತ್ತೀರಿ, ವಯಸ್ಸಾದ ಮೇಲೆ ಬರುವ ಮರೆವನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಸರಿಯಾದ ಆಧಾರವಿಲ್ಲದೆ ಹೇಳಿದ್ದಾರೆ ಅನ್ನುವುದು ಆರೋಪ. ಕಂಪನಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು, ತಾನಾಗಿಯೇ ಮುಂದುವರಿಯುವ ಚಂದಾವನ್ನು ಸುಲಭವಾಗಿ ನಿಲ್ಲಿಸುವ ದಾರಿಯನ್ನೂ ಗ್ರಾಹಕರಿಗೆ ಕೊಡಬೇಕಾಯಿತು. ಬಳಕೆದಾರರ ಹೊಗಳಿಕೆಯ ಮಾತುಗಳಲ್ಲಿ ಕೆಲವು ಬಹುಮಾನದ ಸ್ಪರ್ಧೆ ಇಟ್ಟು ಪಡೆದವು ಅನ್ನುವುದನ್ನು ಹೇಳಿರಲಿಲ್ಲ ಅನ್ನುವ ಆರೋಪವೂ ಅದರಲ್ಲಿತ್ತು. ಹಾಗಾಗಿ ಯಾವ ಆಪ್‌ನಲ್ಲೇ ಆಗಲಿ, 'ನನ್ನ ಜೀವನವೇ ಬದಲಾಯಿತು' ಅನ್ನುವ ಮಾತು ಕಂಡರೆ ನಾನು ಕಣ್ಣು ಮುಂದಕ್ಕೆ ಹಾಯಿಸುತ್ತೇನೆ.

ಸ್ಕೋರು ಏರುವುದಕ್ಕೂ ನೆನಪು ಬೆಳೆಯುವುದಕ್ಕೂ ಏನು ಸಂಬಂಧ? ಇದಕ್ಕೆ ನನಗೆ ಗೊತ್ತಿರುವ ಅತಿ ಚೆಂದದ ಉದಾಹರಣೆ ಗೇಮ್‌ಗಳಿಗಿಂತ ಹಳೆಯದು. 1980ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಒಬ್ಬ ವಿದ್ಯಾರ್ಥಿಯ ಬಗ್ಗೆ ಬರೆದರು, ಅವನನ್ನು ಎಸ್.ಎಫ್. ಅಂತ ಕರೆದಿದ್ದಾರೆ. ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು, ಅವನು ಅದೇ ಕ್ರಮದಲ್ಲಿ ವಾಪಸ್ ಹೇಳಬೇಕು. ಶುರುವಿನಲ್ಲಿ ಎಲ್ಲರ ಹಾಗೆ 7 ಅಂಕಿ. ಒಂದೂವರೆ ವರ್ಷಕ್ಕೂ ಮೇಲೆ ಅಭ್ಯಾಸ ಮಾಡಿ 79 ಅಂಕಿಗೆ ಮುಟ್ಟಿದ! ಅವನು ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಗುಂಪು ಮಾಡಿಕೊಳ್ಳುತ್ತಿದ್ದ. ಆಮೇಲೆ ಅಂಕಿಯ ಬದಲು ಅಕ್ಷರ ಕೊಟ್ಟು ನೋಡಿದರು. ಆರಕ್ಕೆ ಇಳಿದ. ಅವನ ನೆನಪಿನ ಚೀಲ ದೊಡ್ಡದಾಗಿರಲಿಲ್ಲ, ಅಂಕಿ ಕಟ್ಟುವ ಉಪಾಯ ಮಾತ್ರ ಬಂದಿತ್ತು.

ಗೇಮ್‌ಗಳನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದಾಗಲೂ ಬಹುತೇಕ ಹೀಗೇ ಆಯಿತು. 2010ರಲ್ಲಿ ಏಡ್ರಿಯನ್ ಓವೆನ್ ಮತ್ತು ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ 11,430 ಜನರ ಫಲಿತಾಂಶ ಕೊಟ್ಟರು. ಆರು ವಾರ ಆನ್‌ಲೈನ್‌ನಲ್ಲಿ ಮೆದುಳಿನ ಆಟ ಆಡಿದವರು ಆ ಆಟಗಳಲ್ಲಿ ಚುರುಕಾದರು. ಅಭ್ಯಾಸ ಮಾಡದ ಬೇರೆ ಪರೀಕ್ಷೆ ಕೊಟ್ಟಾಗ, ಆಟಕ್ಕೆ ಹತ್ತಿರದ್ದೇ ಆಗಿದ್ದರೂ, ಲಾಭ ಕಾಣಲಿಲ್ಲ. ಹೆಸರು ನೆನಪಿರಬೇಕು, ಬೀಗದ ಕೈ ಎಲ್ಲಿಟ್ಟೆ ಅಂತ ಗೊತ್ತಾಗಬೇಕು ಅನ್ನುವ ಆಸೆಯಿಂದ ಚೌಕ ಒತ್ತುವವರಿಗೆ ಇದು ಬೇಸರದ ಸುದ್ದಿಯೇ.

ಇದಕ್ಕೆ ಎದುರಾಗಿ ಬಹಳ ಆಸೆ ಹುಟ್ಟಿಸಿದ್ದು ಡ್ಯುಯಲ್ ಎನ್-ಬ್ಯಾಕ್. ಬ್ರೈನ್ ವರ್ಕ್‌ಶಾಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇದನ್ನು ಆಡಬಹುದು. ಪರದೆಯ ಮೇಲೆ ಒಂದು ಚೌಕ ಜಾಗ ಬದಲಿಸುತ್ತಾ ಹೋಗುತ್ತದೆ, ಅದೇ ಹೊತ್ತಿಗೆ ಕಿವಿಗೆ ಒಂದೊಂದು ಅಕ್ಷರ ಕೇಳಿಸುತ್ತದೆ. ಈಗಿನ ಜಾಗ ಎರಡು ಸಲ ಹಿಂದಿನದೇನಾ? ಈಗಿನ ಅಕ್ಷರ ಎರಡು ಸಲ ಹಿಂದಿನದೇನಾ? ಎರಡಕ್ಕೂ ಬೇರೆ ಬೇರೆ ಬಟನ್. ಎರಡು ಹೋಗಿ ಮೂರಾದರೆ ತಲೆ ಬಿಸಿಯಾಗುವುದು ಖಂಡಿತ. ಚಿತ್ರವಿಲ್ಲ, ಕತೆಯಿಲ್ಲ, ಶಭಾಷ್ ಅನ್ನುವವರೂ ಇಲ್ಲ. 2008ರಲ್ಲಿ ಸುಸಾನ್ ಯೆಗ್ಗಿ ಮತ್ತು ಜೊತೆಗಾರರು ಇದನ್ನು ಅಭ್ಯಾಸ ಮಾಡಿದವರ ತರ್ಕಶಕ್ತಿಯೂ ಹೆಚ್ಚಿತು ಅಂತ ಪ್ರಕಟಿಸಿದರು, ಆಗ ಇಂಟರ್‌ನೆಟ್‌ನಲ್ಲಿ ಜನ ಹುಚ್ಚೆದ್ದು ಆಡಿದರು. 2013ರಲ್ಲಿ ಥಾಮಸ್ ರೆಡಿಕ್ ಮತ್ತು ಜೊತೆಗಾರರು ಇನ್ನೂ ಬಿಗಿಯಾಗಿ ಪರೀಕ್ಷಿಸಿದಾಗ ಆ ಲಾಭ ಕಾಣಲಿಲ್ಲ. ಇದನ್ನು ಇಷ್ಟಪಡುವವರು ಇದ್ದಾರೆ, ಕಷ್ಟವೇ ಮಜಾ ಅನ್ನುವ ಜಾತಿಯವರು. ನಾನು ಆ ಪೈಕಿ ಅಲ್ಲ.

ಈಗ ಆಕಳಿಕೆಯ ವಿಷಯಕ್ಕೆ ಬರೋಣ. ಬ್ರೈನ್ ಎಚ್‌ಕ್ಯೂ ಅನ್ನುವುದು ಪಾಸಿಟ್ ಸೈನ್ಸ್ ಕಂಪನಿಯದ್ದು, ಅದರ ಹಿಂದೆ ಇರುವವರು ಮೈಕೆಲ್ ಮರ್ಜೆನಿಕ್, ಮೆದುಳು ದೊಡ್ಡವಯಸ್ಸಿನಲ್ಲೂ ಬದಲಾಗುತ್ತದೆ ಅನ್ನುವುದರ ಬಗ್ಗೆ ಕೆಲಸ ಮಾಡಿ 2016ರಲ್ಲಿ ಕಾವ್ಲಿ ಪ್ರಶಸ್ತಿ ಹಂಚಿಕೊಂಡ ವಿಜ್ಞಾನಿ. ಇದರಲ್ಲಿ ಡಬಲ್ ಡಿಸಿಷನ್ ಅಂತ ಒಂದು ಆಟ. ಪರದೆಯ ನಡುವೆ ಒಂದು ವಾಹನ, ಅಂಚಿನಲ್ಲಿ ಎಲ್ಲೋ ಒಂದು ರಸ್ತೆ ಫಲಕ, ಎರಡೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ನಡುವೆ ಇದ್ದದ್ದು ಯಾವ ವಾಹನ, ಫಲಕ ಎಲ್ಲಿತ್ತು? ಅಷ್ಟೇ. ಸರಿ ಹೇಳಿದರೆ ಇನ್ನೂ ಬೇಗ ಮಾಯವಾಗುತ್ತದೆ. ಮತ್ತೆ ವಾಹನ, ಮತ್ತೆ ಫಲಕ. ಲುಮೋಸಿಟಿಯ ರೈಲಿನ ಮುಂದೆ ಇದು ಆಸ್ಪತ್ರೆಯ ಕಣ್ಣು ಪರೀಕ್ಷೆ.

ಆದರೆ ಈ ಬಗೆಯ ವೇಗದ ತರಬೇತಿಗೆ ಇರುವ ಪುರಾವೆ ಬೇರೆ ಯಾವುದಕ್ಕೂ ಇಲ್ಲ. ಅಮೆರಿಕದ ಆಕ್ಟಿವ್ ಅಧ್ಯಯನದಲ್ಲಿ 65 ದಾಟಿದ 2,832 ಜನರನ್ನು ಗುಂಪು ಮಾಡಿದರು. ಒಂದು ಗುಂಪಿಗೆ ನೆನಪಿನ ಉಪಾಯ, ಇನ್ನೊಂದಕ್ಕೆ ತರ್ಕ, ಮತ್ತೊಂದಕ್ಕೆ ಈ ವೇಗದ ಆಟ, ನಾಲ್ಕನೆಯದಕ್ಕೆ ಏನೂ ಇಲ್ಲ. ತರಬೇತಿ ಕೆಲವೇ ವಾರಗಳದ್ದು, ಸುಮಾರು 10 ತರಗತಿ. ಹತ್ತು ವರ್ಷದ ಮೇಲೆ ನೋಡಿದಾಗ ವೇಗದ ಗುಂಪಿನಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಅಪಾಯ 29 ಶೇಕಡಾ ಕಮ್ಮಿ ಇತ್ತು ಅಂತ 2017ರಲ್ಲಿ ಪ್ರಕಟವಾಯಿತು. ಗಮನಿಸಿ, ನೆನಪಿನ ತರಬೇತಿ ತೆಗೆದುಕೊಂಡವರಲ್ಲಿ ಅಂಥ ಸ್ಪಷ್ಟ ಲಾಭ ಸಿಗಲಿಲ್ಲ! ನೆನಪಿಗಾಗಿ ನೆನಪಿನ ಆಟ ಅಂತ ಹೊರಟವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಇದರಲ್ಲೂ ಕೊಂಕು ತೆಗೆಯಬಹುದು. ಆ ಲೆಕ್ಕದಲ್ಲಿ ಡಿಮೆನ್ಷಿಯಾ ಅಂತ ಗುರುತಿಸಿದ್ದು ಪ್ರತಿಯೊಬ್ಬರನ್ನೂ ಡಾಕ್ಟರ್ ಕೂರಿಸಿ ತಪಾಸಣೆ ಮಾಡಿ ಅಲ್ಲ, ಸಂದರ್ಶನ ಮತ್ತು ಅಂಕಗಳ ಮೇಲೆ. ಒಂದೇ ಅಧ್ಯಯನದ ಮೇಲೆ ಎಲ್ಲ ಭಾರ ಹಾಕುವುದಕ್ಕೆ ನನಗೂ ಧೈರ್ಯವಿಲ್ಲ. ಆದರೂ ವಯಸ್ಸಾದವರು ಯಾರಾದರೂ ಯಾವುದನ್ನು ಆಡಲಿ ಅಂತ ಕೇಳಿದರೆ ಇದರ ಹೆಸರನ್ನೇ ಹೇಳುತ್ತೇನೆ, ಬೋರ್ ಆಗುತ್ತದೆ ಅಂತ ಮೊದಲೇ ಎಚ್ಚರಿಸಿ.

ಮೆದುಳು, ಕಸರತ್ತು ಅಂತ ಏನೂ ಹೇಳಿಕೊಳ್ಳದ ಗೇಮ್‌ಗಳ ಕತೆ ಇನ್ನೂ ಚೆನ್ನಾಗಿದೆ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಇಬ್ಬರು ಸಂಶೋಧಕರು ಗೇಮ್ ಆಡುವ ಅಭ್ಯಾಸವಿಲ್ಲದ ವಿದ್ಯಾರ್ಥಿಗಳಿಗೆ ಎರಡು ವಾರ, ದಿನಕ್ಕೆ ಅರ್ಧ ಗಂಟೆ ಆಡಲು ಕೊಟ್ಟರು. ಕೆಲವರಿಗೆ ಆಂಗ್ರಿ ಬರ್ಡ್ಸ್, ಕೆಲವರಿಗೆ ಸೂಪರ್ ಮಾರಿಯೋ 3ಡಿ ವರ್ಲ್ಡ್. ಆಮೇಲೆ ಹೆಚ್ಚುಕಮ್ಮಿ ಒಂದೇ ಥರ ಇರುವ ವಸ್ತುಗಳ ಚಿತ್ರ ತೋರಿಸಿ, ಇದು ಮೊದಲು ನೋಡಿದ್ದಾ ಅಥವಾ ಹಾಗೇ ಕಾಣುವ ಬೇರೆಯದಾ ಅಂತ ಕೇಳಿದರು. ಮಾರಿಯೋ ಆಡಿದವರು ಸುಧಾರಿಸಿದ್ದರು, ಆಂಗ್ರಿ ಬರ್ಡ್ಸ್‌ನವರು ಇಲ್ಲ. ಮೂರು ಆಯಾಮದ ಜಾಗದಲ್ಲಿ ಅಲೆದಾಡಿ, ಮೂಲೆ ಮೂಲೆ ಹುಡುಕುವುದು ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ಗೆ ಕೆಲಸ ಕೊಡುತ್ತದೆ ಅನ್ನುವುದು ಅವರ ವಿವರಣೆ. ಸಣ್ಣ ಅಧ್ಯಯನ, ಇದನ್ನು ಹಿಡಿದುಕೊಂಡು ಕುಣಿಯಬೇಕಾಗಿಲ್ಲ. ಆದರೆ ಒಂದು ಗೇಮ್ ಪ್ರತಿ ಸಲ ಹೊಸ ಜಾಗ, ಹೊಸ ನಿಯಮ ಕೊಡುತ್ತಿದ್ದರೆ ಅದು ಒಂದೇ ಚೌಕವನ್ನು ನೂರು ಸಲ ಒತ್ತಿಸುವುದಕ್ಕಿಂತ ಒಳ್ಳೆಯದು ಅಂತ ನನಗೂ ಅನ್ನಿಸುತ್ತದೆ. ಕಡೇ ಪಕ್ಷ ಮಜಾ ಇರುತ್ತದೆ.

ಡಾಕ್ಟರ್ ಚೀಟಿ ಬರೆದುಕೊಡುವ ಗೇಮ್ ಕೂಡ ಒಂದಿದೆ, ಎಂಡೆವರ್‌ಆರ್‌ಎಕ್ಸ್. 2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಅನುಮತಿ ಕೊಟ್ಟಿತು, ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಇರುವ 8ರಿಂದ 12 ವರ್ಷದ ಮಕ್ಕಳಿಗಾಗಿ. ಅದು ಗಮನಕ್ಕೆ ಸಂಬಂಧಿಸಿದ್ದು, ನೆನಪಿಗಲ್ಲ. ಹಾಗಾಗಿ ಇಲ್ಲಿ ಜಾಸ್ತಿ ಹೇಳುವುದಿಲ್ಲ.

ಸಿಟ್ಟು ಬರುವುದು ಆಪ್‌ಗಳ ವರಸೆ ನೋಡಿದಾಗ. ಇನ್‌ಸ್ಟಾಲ್ ಮಾಡಿದ ತಕ್ಷಣ, ಆಟದ ನಿಯಮ ಸರಿಯಾಗಿ ತಲೆಗೆ ಹೋಗುವ ಮುಂಚೆಯೇ ಒಂದು ಪರೀಕ್ಷೆ. ಸಹಜವಾಗಿ ಕಮ್ಮಿ ಅಂಕ. ನಿಮ್ಮ ವಯಸ್ಸಿನವರಲ್ಲಿ ನೀವು ಇಷ್ಟು ಹಿಂದೆ ಇದ್ದೀರಿ ಅಂತ ಒಂದು ಗ್ರಾಫ್, ಅದರ ಕೆಳಗೇ ಚಂದಾ ಕಟ್ಟುವ ಬಟನ್. ಆಮೇಲೆ ನಿಯಮ ಅಭ್ಯಾಸವಾದ ಹಾಗೆ ಅಂಕ ಏರಲೇಬೇಕು, ಏರುತ್ತದೆ, ಗ್ರಾಫ್ ಚಪ್ಪಾಳೆ ತಟ್ಟುತ್ತದೆ. ನಾನು ಬಳಸಿದ ಒಂದು ಆಪ್‌ನಲ್ಲಿ ಚಂದಾ ನಿಲ್ಲಿಸುವ ದಾರಿ ಹುಡುಕುವುದೇ ಎಲ್ಲಕ್ಕಿಂತ ಕಷ್ಟದ ಮೆದುಳಿನ ಕಸರತ್ತಾಗಿತ್ತು. ಹೆಸರು ಬೇಡ, ಹೀಗೆ ಮಾಡುವುದು ಅದೊಂದೇ ಅಲ್ಲ. ಒಂದು ದಿನ ಆಡದಿದ್ದರೆ 'ನಿಮ್ಮ ಸರಣಿ ಮುರಿಯುತ್ತದೆ' ಅಂತ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ನೋಟಿಫಿಕೇಷನ್ ಬರುತ್ತದೆ, ನೆನಪಿಗೆ ನಿದ್ದೆ ಬೇಕು ಅನ್ನುವುದನ್ನು ಆ ಆಪ್‌ಗೆ ಯಾರಾದರೂ ಹೇಳಬೇಕು.

ಕನ್ನಡದಲ್ಲಿ ಯೋಚಿಸುವವರಿಗೆ ಇನ್ನೊಂದು ತೊಂದರೆ. ಈ ಗೇಮ್‌ಗಳಲ್ಲಿ ಪದದ ಆಟಗಳು ಬಂದಾಗ ಅಳೆಯುತ್ತಿರುವುದು ನೆನಪನ್ನಲ್ಲ, ಇಂಗ್ಲಿಷ್ ಪದಸಂಪತ್ತನ್ನು. ಎಲಿವೇಟ್ ಅನ್ನುವ ಆಪ್ 2014ರಲ್ಲಿ ಆಪಲ್‌ನ ವರ್ಷದ ಆಪ್ ಅನ್ನಿಸಿಕೊಂಡಿತ್ತು. ಅದರ ಬಹುಪಾಲು ಆಟಗಳು ಓದು, ಬರಹ, ಪದ ಆಯ್ಕೆಯ ಸುತ್ತಲೇ. ಇಂಗ್ಲಿಷ್ ಸುಧಾರಿಸಲು ಅದನ್ನು ಆಡಬಹುದು, ಆ ಲೆಕ್ಕದಲ್ಲಿ ಚೆನ್ನಾಗಿದೆ. ಮನೆಯ ಹಿರಿಯರಿಗೆ ಕೊಟ್ಟು, ಅವರ ಅಂಕ ನೋಡಿ ಮರೆವು ಶುರುವಾಯಿತು ಅಂತ ತೀರ್ಮಾನಿಸುವುದು ಮಾತ್ರ ಬೇಡ.

ದುಡ್ಡಿಲ್ಲದೆ ಸುಮ್ನೆ ಆಡಬೇಕು ಅನ್ನುವವರಿಗೆ ಹ್ಯೂಮನ್ ಬೆಂಚ್‌ಮಾರ್ಕ್ ವೆಬ್‌ಸೈಟ್ ಇದೆ. ಅದರಲ್ಲಿ ಚಿಂಪಾಂಜಿ ಪರೀಕ್ಷೆ ಆಡಿ ನೋಡಿ. ಪರದೆಯ ಮೇಲೆ ಅಂಕಿಗಳು ಚದುರಿರುತ್ತವೆ, 1 ಒತ್ತಿದ ಕೂಡಲೇ ಉಳಿದವು ಬಿಳಿ ಚೌಕವಾಗಿ ಮುಚ್ಚಿಕೊಳ್ಳುತ್ತವೆ, ಕ್ರಮವಾಗಿ ಒತ್ತುತ್ತಾ ಹೋಗಬೇಕು. ಇದರ ಮೂಲ ಕ್ಯೋಟೊ ವಿಶ್ವವಿದ್ಯಾಲಯದ ಪ್ರಯೋಗ. ಆಯುಮು ಅನ್ನುವ ಮರಿ ಚಿಂಪಾಂಜಿ ಈ ಕೆಲಸದಲ್ಲಿ ಮನುಷ್ಯರನ್ನೇ ಮೀರಿಸಿತು ಅಂತ 2007ರಲ್ಲಿ ಸುದ್ದಿಯಾಗಿತ್ತು. ಆಮೇಲೆ 2009ರಲ್ಲಿ ಬೇರೆಯವರು ಮನುಷ್ಯರಿಗೂ ಚೆನ್ನಾಗಿ ಅಭ್ಯಾಸ ಮಾಡಿಸಿ ನೋಡಿದರು, ಅವರೂ ಆಯುಮು ಮಟ್ಟಕ್ಕೆ ಬಂದರು. ಮತ್ತೆ ಅದೇ ಕತೆ, ಅಭ್ಯಾಸ!

ಪರೀಕ್ಷೆಗೆ ಓದುವ ಮಕ್ಕಳಿಗೆ ಯಾವ ಬ್ರೈನ್ ಗೇಮ್ ಕೊಡಿಸಲಿ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ನನ್ನ ಉತ್ತರ, ಯಾವುದೂ ಬೇಡ. ನೆನಪಿರಬೇಕಾದದ್ದು ಪಾಠ ತಾನೇ, ಪಾಠವನ್ನೇ ನೆನಪು ಮಾಡಿಸಿ. ಆಂಕಿ ಅನ್ನುವ ಸಾಫ್ಟ್‌ವೇರ್ ಇದೆ, ಗೇಮ್ ಅಲ್ಲ, ನೋಡಲು ಕೂಡ ಸಪ್ಪೆ. ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ, ಕನ್ನಡದಲ್ಲೂ ಬರೆದುಕೊಳ್ಳಬಹುದು. ಗೊತ್ತಿರುವ ಕಾರ್ಡನ್ನು ತಡವಾಗಿ, ಮರೆತದ್ದನ್ನು ಬೇಗ ಮತ್ತೆ ತೋರಿಸುತ್ತದೆ. ಸುಮ್ನೆ ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ತಮ್ಮನ್ನೇ ಪ್ರಶ್ನೆ ಕೇಳಿಕೊಂಡವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿರುತ್ತದೆ ಅಂತ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದಾರೆ.

ನೆನಪು ಹಾಗಿರಲಿ, ಎಲ್ಲರೂ ಕೂತು ಆಡಲು ಏನಾದರೂ ಬೇಕು ಅಂದರೆ 2021ರ ಡಿಸೆಂಬರ್‌ನಲ್ಲಿ ಸ್ವಿಚ್‌ಗೆ ಬಂದ ಬಿಗ್ ಬ್ರೈನ್ ಅಕಾಡೆಮಿ ತೆಗೆದುಕೊಳ್ಳಿ. ನಾಲ್ಕು ಜನ ಒಟ್ಟಿಗೆ ಆಡಬಹುದು. ಪ್ರತಿಯೊಬ್ಬರೂ ತಮಗೆ ಬೇಕಾದ ಮಟ್ಟ ಇಟ್ಟುಕೊಳ್ಳಬಹುದು, ಆದ್ದರಿಂದ ಪುಟ್ಟ ಮಗು ಸುಲಭದ ಮಟ್ಟದಲ್ಲೂ ದೊಡ್ಡವರು ಕಷ್ಟದ ಮಟ್ಟದಲ್ಲೂ ಒಂದೇ ಪಂದ್ಯ ಆಡುತ್ತಾರೆ. ವಯಸ್ಸು ಹೇಳುವ ಗೋಜಿಲ್ಲ, ಕಿರುಚಾಟ ಮಾತ್ರ ಜಾಸ್ತಿ. ಆಟಗಳ ಸಂಖ್ಯೆ ಕಮ್ಮಿ ಅನ್ನುವುದೊಂದೇ ನನ್ನ ತಕರಾರು, ಒಬ್ಬರೇ ಆಡಿದರೆ ಬೇಗ ಮುಗಿದ ಹಾಗೆ ಅನ್ನಿಸುತ್ತದೆ. ಜೊತೆಗೆ ಆಡುವವರು ಇಲ್ಲದಿದ್ದರೆ ಬ್ರೈನ್ ಏಜ್ ತೆಗೆದುಕೊಳ್ಳುವುದೇ ವಾಸಿ.